ಸೂಜಿ ಮತ್ತು ಮೊಳೆ: ‘ಸಿಲ್ಕ್‌ಸಾಂಗ್’ ತನ್ನ ಹಿಂದಿನ ಆಟವನ್ನು ಮೀರಿಸಿದೆಯೇ?

2025ರ ಸೆಪ್ಟೆಂಬರ್ 4ರಂದು ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಎಂಬ ವಿಡಿಯೊ ಗೇಮ್ ಬಿಡುಗಡೆಯಾದ ಗಳಿಗೆಯಲ್ಲಿ, ಆಟಗಳನ್ನು ಮಾರುವ ದೊಡ್ಡ ಆನ್‌ಲೈನ್ ಮಳಿಗೆಗಳು ಕೊಳ್ಳುವವರ ನೂಕುನುಗ್ಗಲನ್ನು ತಾಳಲಾರದೆ ಕೆಲಹೊತ್ತು ಸ್ತಬ್ಧವಾದವು. ಅದೇ ದಿನ ಅಂಥ ಮಳಿಗೆಗಳಲ್ಲಿ ಒಂದಾದ ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ 5 ಲಕ್ಷಕ್ಕೂ ಹೆಚ್ಚು ಜನ ಈ ಆಟದೊಳಗಿದ್ದರು. ವಿಮರ್ಶಕರಿಗೂ ಪ್ರತಿಗಳು ಮುಂಚಿತವಾಗಿ ಸಿಕ್ಕಿರಲಿಲ್ಲವಾದ್ದರಿಂದ ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಅಜ್ಞಾನದೊಂದಿಗೆ ಆಡತೊಡಗಿದರು. ಇದು 2017ರ ‘ಹಾಲೋ ನೈಟ್’ ಅನ್ನು ಮೀರಿಸಿದೆಯೇ ಇಲ್ಲವೇ ಎಂಬ ವಾದವೂ ಅಂದೇ ಹುಟ್ಟಿಕೊಂಡಿತು. ಎರಡೂ ಆಟಗಳನ್ನು ಮನಸಾರೆ ಪ್ರೀತಿಸುವವನಾಗಿ ನಾನು ಆ ವಾದದಲ್ಲಿ ಪಾಲ್ಗೊಳ್ಳುತ್ತಲೇ ಬಂದಿದ್ದೇನೆ, ಮತ್ತು ಅದು ಹೆಚ್ಚಿನ ಸಲ ತಪ್ಪು ಜಾಗದಲ್ಲಿ ನಿಂತುಬಿಡುತ್ತದೆ ಎಂದು ನನಗೆ ಅನ್ನಿಸಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓಟ, ನೆಗೆತ, ಕಾದಾಟ ಇವುಗಳ ವಿಷಯದಲ್ಲಿ ‘ಸಿಲ್ಕ್‌ಸಾಂಗ್’ ತನ್ನ ಹಿಂದಿನ ಆಟವನ್ನು ಸ್ಪಷ್ಟವಾಗಿ ಮೀರಿಸಿದೆ. ದಾರಿ ತಪ್ಪಿ ಅಲೆಯುವುದೇ ಸುಖವಾಗುವಂಥ ಲೋಕವನ್ನು ಕಟ್ಟುವ ವಿಷಯದಲ್ಲಿ ‘ಹಾಲೋ ನೈಟ್’ ಇನ್ನೂ ಮುಂದಿದೆ. ಈ ಎರಡಕ್ಕೂ ಕಾರಣ ಒಂದೇ: ‘ಸಿಲ್ಕ್‌ಸಾಂಗ್’ ಮೊದಲ ಆಟವನ್ನು ಮುಗಿಸಿ, ಅದರಲ್ಲಿ ಪಳಗಿದವರನ್ನು ಕಣ್ಣಮುಂದೆ ಇಟ್ಟುಕೊಂಡು ರಚಿತವಾದ ಆಟ. ಕಷ್ಟದ ಕುರಿತು, ಪೆಟ್ಟಿನ ಪ್ರಮಾಣದ ಕುರಿತು, ಉದ್ದುದ್ದ ದಾರಿಗಳ ಕುರಿತು ನಡೆಯುವ ಎಲ್ಲ ಜಗಳಗಳೂ ಕೊನೆಗೆ ಬಂದು ಮುಟ್ಟುವುದು ಮುಂದುವರಿದ ಭಾಗ ಯಾರಿಗಾಗಿ ಇರಬೇಕು ಎಂಬ ಪ್ರಶ್ನೆಯನ್ನೇ.

ಇದಕ್ಕೆ ಆಟದ ಹುಟ್ಟಿನಲ್ಲೇ ಸಾಕ್ಷಿಯಿದೆ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡ 2014ರ ಕೊನೆಯಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ‘ಹಾಲೋ ನೈಟ್’ಗಾಗಿ ಹಣ ಕೇಳಿತು. ಕೇಳಿದ್ದು 35,000 ಆಸ್ಟ್ರೇಲಿಯನ್ ಡಾಲರ್, ಬಂದದ್ದು 57,000ಕ್ಕೂ ಹೆಚ್ಚು. ಗುರಿ ಮೀರಿ ಹಣ ಬಂದರೆ ಕೊಡುತ್ತೇವೆಂದು ಹೇಳಿದ್ದ ಹೆಚ್ಚುವರಿಗಳಲ್ಲಿ ಆಡಬಹುದಾದ ಎರಡನೆಯ ಪಾತ್ರವೂ ಒಂದಾಗಿತ್ತು. ಆ ಪಾತ್ರವೇ ಈಗ ‘ಸಿಲ್ಕ್‌ಸಾಂಗ್’ನ ನಾಯಕಿಯಾದ ಹಾರ್ನೆಟ್. ಅಂದರೆ ಈಗ ನಾವು ಸ್ವತಂತ್ರ ಆಟವಾಗಿ ಆಡುತ್ತಿರುವುದು ಮೊದಲು ‘ಹಾಲೋ ನೈಟ್’ಗೆ ಅಂಟಿಕೊಂಡು ಬರಬೇಕಾಗಿದ್ದ ಒಂದು ಪುರವಣಿ, ಮೊದಲ ಆಟವನ್ನು ಈಗಾಗಲೇ ಮುಗಿಸಿದವರಿಗೆ ಹೊಸ ಕಣ್ಣು, ಹೊಸ ಕೈ ಕೊಡುವುದಕ್ಕಾಗಿ ಯೋಚಿಸಿದ್ದು. ಅದು ಬೆಳೆಯುತ್ತ ಬೆಳೆಯುತ್ತ ತನ್ನದೇ ರಾಜ್ಯವನ್ನು ಬೇಡಿತು, 2019ರ ಫೆಬ್ರವರಿ 14ರಂದು ಪ್ರತ್ಯೇಕ ಆಟವೆಂದು ಘೋಷಣೆಯಾಯಿತು. ಗಾತ್ರ ಬದಲಾದರೂ, ಯಾರಿಗಾಗಿ ಎಂಬ ಮೂಲ ಕಲ್ಪನೆ ಬದಲಾಗಲಿಲ್ಲ ಎಂಬುದು ನನ್ನ ನಂಬಿಕೆ.

ಘೋಷಣೆಯಿಂದ ಬಿಡುಗಡೆಯವರೆಗಿನ ಆರೂವರೆ ವರ್ಷಗಳನ್ನು ಅಭಿಮಾನಿಗಳು ಹೇಗೆ ಕಳೆದರು ಎಂಬುದು ಈ ವಾದಕ್ಕೆ ಸಂಬಂಧಿಸಿದ ವಿಷಯವೇ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಆಟದ ತುಣುಕು ಕಾಣಿಸಿಕೊಂಡಾಗ, ಅಲ್ಲಿ ತೋರಿಸಿದ ಆಟಗಳೆಲ್ಲ ಮುಂದಿನ 12 ತಿಂಗಳಲ್ಲಿ ಬರಲಿವೆ ಎಂದು ಹೇಳಲಾಗಿತ್ತು. 2023ರ ಮೇ ತಿಂಗಳಲ್ಲಿ ಅದು ಮುಂದಕ್ಕೆ ಹೋಯಿತು. ಆಮೇಲೆ ದೀರ್ಘ ಮೌನ. ಪ್ರತಿದಿನವೂ ಇಂದು ಯಾವ ಸುದ್ದಿಯೂ ಇಲ್ಲ ಎಂದು ತಿಳಿಸುವುದಕ್ಕಾಗಿಯೇ ಒಂದು ಯೂಟ್ಯೂಬ್ ಚಾನೆಲ್ ನಡೆಯುತ್ತಿತ್ತು. ಆದರೆ ಕಾಯುತ್ತಿದ್ದವರು ಕೈಕಟ್ಟಿ ಕುಳಿತಿರಲಿಲ್ಲ. ಅವರು ‘ಹಾಲೋ ನೈಟ್’ ಅನ್ನೇ ಮತ್ತೆ ಮತ್ತೆ ಆಡುತ್ತಿದ್ದರು. ಒಮ್ಮೆ ಸತ್ತರೆ ಎಲ್ಲವೂ ಮುಗಿಯುವ ‘ಸ್ಟೀಲ್ ಸೋಲ್’ ವಿಧಾನ, ವೈಟ್ ಪ್ಯಾಲೇಸ್‌ನೊಳಗೆ ಅಡಗಿರುವ ‘ಪಾತ್ ಆಫ್ ಪೇನ್’, 42 ಬಾಸ್‌ಗಳನ್ನು, ಅಂದರೆ ದೊಡ್ಡ ಎದುರಾಳಿಗಳನ್ನು, ಒಂದೇ ಉಸಿರಿಗೆ ಸೋಲಿಸಬೇಕಾದ ‘ಪ್ಯಾಂಥಿಯನ್ ಆಫ್ ಹಾಲೋನೆಸ್ಟ್’ — ಇವುಗಳಲ್ಲಿ ಪಳಗಿದ ಕೈಗಳು 2017ರ ಕೈಗಳಾಗಿ ಉಳಿದಿರಲಿಲ್ಲ. ಅಂಥವರ ಎದುರಿಗೆ ಮತ್ತೊಮ್ಮೆ ಮೊದಲ ಪಾಠದಿಂದ ಆರಂಭವಾಗುವ ಆಟವನ್ನು ಇಟ್ಟಿದ್ದರೆ ಅದು ಒಂದು ರಾತ್ರಿಯಲ್ಲಿ ಮುಗಿದುಹೋಗುತ್ತಿತ್ತು. ಟೀಮ್ ಚೆರ್ರಿ ಅವರಿಗಾಗಿಯೇ ಆಟವನ್ನು ಕಟ್ಟಿತು. ಹೊಸದಾಗಿ ಬಂದವರಿಗೆ ಅದರಿಂದ ಕಷ್ಟವಾಯಿತು ಎಂಬುದೂ ಅಷ್ಟೇ ನಿಜ.

ಈಗ ಕೈಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎರಡು ಆಟಗಳ ನಡುವಿನ ನಿಜವಾದ ವ್ಯತ್ಯಾಸ ಅಲ್ಲಿದೆ. ಮೊದಲ ಆಟದ ನಾಯಕ ನೈಟ್ ಸಣ್ಣ ದೇಹದವನು, ಮಾತಿಲ್ಲದವನು, ಅವನ ಕೈಯಲ್ಲಿ ಮೊಳೆಯಂಥ ಒಂದು ಕತ್ತಿ. ಅವನು ನಾಲ್ಕು ದಿಕ್ಕಿಗೆ ಬೀಸುತ್ತಾನೆ. ನೆಗೆದು ಕೆಳಕ್ಕೆ ಹೊಡೆದರೆ ಶತ್ರುವಿನ ಅಥವಾ ಮುಳ್ಳಿನ ಮೇಲಿಂದ ನೇರವಾಗಿ ಮೇಲಕ್ಕೆ ಪುಟಿಯುತ್ತಾನೆ. ಅದರ ಸೊಬಗು ಅದರ ಸರಳತೆಯಲ್ಲಿದೆ. ಹಾರ್ನೆಟ್ ಎತ್ತರದವಳು, ವೇಗದವಳು. ಅವಳು ಓಡುತ್ತಾಳೆ, ಓಡುತ್ತಲೇ ದೂರಕ್ಕೆ ಜಿಗಿಯುತ್ತಾಳೆ, ಕಟ್ಟೆಯ ಅಂಚು ಕೈಗೆ ಸಿಕ್ಕರೆ ಹಿಡಿದು ಮೇಲೇರುತ್ತಾಳೆ. ಅವಳ ಕಾದಾಟದ ಶೈಲಿಯನ್ನು ನಿರ್ಧರಿಸುವುದು ಅವಳು ಧರಿಸುವ ‘ಕ್ರೆಸ್ಟ್’; ಆರಂಭದಲ್ಲಿ ಅವಳಿಗಿರುವ ಹಂಟರ್ ಕ್ರೆಸ್ಟ್‌ನಲ್ಲಿ ಕೆಳಗಿನ ಹೊಡೆತ ನೇರವಾಗಿ ಬೀಳದೆ ಓರೆಯಾಗಿ ಚುಚ್ಚುತ್ತದೆ. ಮೊದಲ ಆಟದಲ್ಲಿ ನೂರಾರು ಗಂಟೆ ಕಳೆದವರೂ ಇಲ್ಲಿ ಮೊದಲ ದಿನ ಮುಳ್ಳುಗಳ ಮೇಲೆ ಬಿದ್ದದ್ದು ಈ ಒಂದೇ ಕಾರಣಕ್ಕೆ. ಬೆರಳುಗಳು ಕಲಿತಿದ್ದ ಅಂತರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಓರೆ ಹೊಡೆತವನ್ನು ದೂರುವವರು ಬಹಳ ಜನ. ನನ್ನ ದೃಷ್ಟಿಯಲ್ಲಿ ಇದು ಇಡೀ ಆಟದ ಅತ್ಯಂತ ಧೈರ್ಯದ ನಿರ್ಧಾರ. ನೇರವಾಗಿ ಪುಟಿಯುವ ನೈಟ್ ಇದ್ದ ಜಾಗದಲ್ಲೇ ಉಳಿಯಬಲ್ಲ, ಶತ್ರುವಿನ ತಲೆಯ ಮೇಲೆಯೇ ತಾಳ ಹಾಕುತ್ತ ಇರಬಲ್ಲ. ಓರೆಯಾಗಿ ಎರಗುವ ಹಾರ್ನೆಟ್ ಪ್ರತಿ ಹೊಡೆತದಲ್ಲೂ ಜಾಗ ಬದಲಿಸಲೇಬೇಕು. ಎಲ್ಲಿಂದ ಎರಗಬೇಕು, ಎಲ್ಲಿಗೆ ಹೋಗಿ ಇಳಿಯುತ್ತೇನೆ ಎಂಬ ಎರಡೂ ಲೆಕ್ಕಗಳು ಒಂದೇ ಕ್ಷಣದಲ್ಲಿ ಮುಗಿಯಬೇಕು. ಹಾಗಾಗಿ ಕಾದಾಟಗಳು ಒಂದು ಬಗೆಯ ನೃತ್ಯವಾಗುತ್ತವೆ. ಲೇಸ್ ಎಂಬ ಎದುರಾಳಿಯ ಜೊತೆಗಿನ ಮೊದಲ ಕಾದಾಟದಲ್ಲೇ ಇದು ಅರಿವಿಗೆ ಬರುತ್ತದೆ, ಇಬ್ಬರೂ ಸಮಬಲದವರಾಗಿ ಪರಸ್ಪರರ ಹೆಜ್ಜೆಗೆ ಹೆಜ್ಜೆ ಕೊಡುವಂತೆ ಅನ್ನಿಸುತ್ತದೆ. ಮೊದಲ ಆಟದಲ್ಲಿ ಗ್ರೀನ್‌ಪಾತ್ ಎಂಬ ಪ್ರದೇಶದ ಕೊನೆಯಲ್ಲಿ ನಮ್ಮೆದುರು ನಿಂತು, ನೆಗೆಯುತ್ತ, ಸೂಜಿ ಎಸೆಯುತ್ತ ನಮಗೆ ಪಾಠ ಕಲಿಸಿದವಳು ಇದೇ ಹಾರ್ನೆಟ್ ಎಂಬುದನ್ನು ನೆನೆದರೆ, ಆಗ ಹೊರಗಿನಿಂದ ನೋಡಿ ಬೆರಗಾದ ಆ ಚುರುಕು ಈಗ ನಮ್ಮ ಕೈಗೆ ಬಂದಿದೆ ಎನ್ನುವುದೇ ದೊಡ್ಡ ಸಂತೋಷ. ಮೊದಲ ಆಟವನ್ನು ಆಡದವರಿಗೆ ಈ ಸಂತೋಷ ಸಿಗಲಾರದು ಎಂಬುದನ್ನೂ ಗಮನಿಸಬೇಕು.

ಎರಡು ಪಟ್ಟು ಪೆಟ್ಟಿನ ಜಗಳವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅದರಲ್ಲಿ ಎರಡೂ ಕಡೆಯವರು ಒಂದು ಮುಖ್ಯ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಎರಡೂ ಆಟಗಳಲ್ಲಿ ಆರಂಭದ ಜೀವಬಲ ಐದು ಮಾಸ್ಕ್‌ಗಳು. ‘ಹಾಲೋ ನೈಟ್’ನ ಬಹುಪಾಲು ಶತ್ರುಗಳ ಒಂದು ಪೆಟ್ಟಿಗೆ ಒಂದು ಮಾಸ್ಕ್ ಹೋಗುತ್ತದೆ, ‘ಸಿಲ್ಕ್‌ಸಾಂಗ್’ನಲ್ಲಿ ಬೇಗನೆ ಎರಡೆರಡು ಮಾಸ್ಕ್ ಕಿತ್ತುಕೊಳ್ಳುವ ಬಾಸ್‌ಗಳು ಎದುರಾಗುತ್ತಾರೆ, ಅವರ ಮೈಗೆ ತಾಗಿದರೂ ಸಾಕು ಎರಡು ಹೋಗಬಹುದು. ಐದರಲ್ಲಿ ಎರಡೆರಡು ಹೋದರೆ ಮೂರನೆಯ ಪೆಟ್ಟಿಗೆ ಸಾವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಗಾಯ ಮಾಯಿಸಿಕೊಳ್ಳುವ ಲೆಕ್ಕವನ್ನು ಇದರ ಪಕ್ಕದಲ್ಲಿ ಇಡಬೇಕು. ನೈಟ್‌ಗೆ ಒಂದು ಹೊಡೆತಕ್ಕೆ 11ರಷ್ಟು ‘ಸೋಲ್’ ಎಂಬ ಶಕ್ತಿ ಸಿಗುತ್ತದೆ, ಒಂದು ಮಾಸ್ಕ್ ಮರಳಿ ಪಡೆಯಲು 33 ಬೇಕು, ಪಾತ್ರೆ 99ಕ್ಕೆ ತುಂಬುತ್ತದೆ; ಅಂದರೆ ಒಂಬತ್ತು ಹೊಡೆತಕ್ಕೆ ಮೂರು ಮಾಸ್ಕ್. ಹಾರ್ನೆಟ್‌ಗೆ ಒಂದು ಹೊಡೆತಕ್ಕೆ ಒಂದು ಎಳೆ ರೇಷ್ಮೆ, ಒಂಬತ್ತು ಎಳೆ ಕೂಡಿದಾಗ ಒಮ್ಮೆಗೇ ಮೂರು ಮಾಸ್ಕ್ ಮರಳುತ್ತವೆ. ವಿನಿಮಯದ ದರ ಎರಡರಲ್ಲೂ ಒಂದೇ! ಬದಲಾಗಿರುವುದು ಅದು ಸಿಗುವ ರೀತಿ ಮಾತ್ರ. ನೈಟ್ ಸಣ್ಣ ತಪ್ಪನ್ನು ಮೂರು ಹೊಡೆತಗಳಲ್ಲೇ ತಿದ್ದಿಕೊಳ್ಳಬಹುದು, ಆದರೆ ಅದಕ್ಕಾಗಿ ನೆಲದ ಮೇಲೆ ಅಲುಗಾಡದೆ ನಿಲ್ಲಬೇಕು. ಹಾರ್ನೆಟ್ ಒಂಬತ್ತು ಹೊಡೆತ ಕಾಯಬೇಕು, ಆದರೆ ಗಾಳಿಯಲ್ಲಿ ತೇಲುತ್ತಿರುವಾಗಲೂ ತನ್ನನ್ನು ತಾನು ಹೊಲಿದುಕೊಳ್ಳಬಲ್ಲಳು.

ಇದರ ಪರಿಣಾಮ ದೊಡ್ಡದು. ಮೊದಲ ಆಟದಲ್ಲಿ ಬಾಸ್ ಸುಸ್ತಾಗಿ ನಿಂತ ಸಣ್ಣ ಬಿಡುವಿನಲ್ಲಿ ಹೊಡೆಯಲೇ, ಗುಣಪಡಿಸಿಕೊಳ್ಳಲೇ ಎಂಬ ಆಯ್ಕೆ ಮತ್ತೆ ಮತ್ತೆ ಎದುರಾಗುತ್ತದೆ, ಆದ್ದರಿಂದ ಕಾದಾಟ ಉಸಿರಾಡುತ್ತದೆ. ಎರಡನೆಯದರಲ್ಲಿ ಆ ಆಯ್ಕೆ ಅಪರೂಪಕ್ಕೆ ಬರುತ್ತದೆ, ಬಂದಾಗ ಅದರ ತೂಕ ಹೆಚ್ಚು. ರೇಷ್ಮೆ ಸುತ್ತಿಕೊಳ್ಳುವಾಗಲೇ ಪೆಟ್ಟು ತಿಂದರೆ ಕೂಡಿಟ್ಟದ್ದೆಲ್ಲ ಹಾಳು. ಪೆಟ್ಟು ಒಂದೊಂದೇ ಮಾಸ್ಕಿನದ್ದಾಗಿದ್ದರೆ ಒಮ್ಮೆಗೇ ಮೂರು ಮರಳಿ ಪಡೆಯುವ ಶಕ್ತಿ ಆಟವನ್ನು ತೀರಾ ಸಲೀಸಾಗಿಸುತ್ತಿತ್ತು. ಎರಡರ ಪೆಟ್ಟು ಮತ್ತು ಮೂರರ ಗುಣ, ಇವೆರಡನ್ನೂ ಒಟ್ಟಿಗೇ ತೂಗಿ ಇಟ್ಟಿದ್ದಾರೆ. ಒಂದನ್ನು ಮಾತ್ರ ಎತ್ತಿ ಅನ್ಯಾಯವೆನ್ನುವುದು ಸರಿಯಲ್ಲ. ಹಾಗೆಂದು ದೂರುವವರನ್ನು ಆಡಲು ಬಾರದವರೆಂದು ಹೀಯಾಳಿಸುವುದು ಅದಕ್ಕಿಂತ ಕೆಟ್ಟದ್ದು. ಏಳನೆಯ ಮಾಸ್ಕ್ ಸಿಗುವವರೆಗೆ ಆರು ಎಂಬ ಸಂಖ್ಯೆ ಐದರಷ್ಟೇ ಬೆಲೆಯದ್ದು, ಏಕೆಂದರೆ ಐದಿದ್ದರೆ ಎರಡು ಪೆಟ್ಟು, ಆರಿದ್ದರೂ ಎರಡೇ ಪೆಟ್ಟು ತಾಳಬಹುದು, ಮೂರನೆಯದಕ್ಕೆ ಎರಡರಲ್ಲೂ ಸಾವೇ. ನಾಲ್ಕು ಚೂರು ಕೂಡಿಸಿ ಒಂದು ಹೊಸ ಮಾಸ್ಕ್ ಗಳಿಸಿಕೊಂಡವರಿಗೂ ತಾಳಿಕೆ ಅಷ್ಟಾಗಿ ಹೆಚ್ಚಿದಂತೆ ಅನ್ನಿಸದಿರುವುದು ಈ ಲೆಕ್ಕದಿಂದಲೇ. ಬೆಳೆಯುತ್ತಿದ್ದೇನೆ ಎಂಬ ಭಾವ ಮೊದಲ ಆಟದಲ್ಲಿ ಬಂದಷ್ಟು ಬೇಗ ಇಲ್ಲಿ ಬರುವುದಿಲ್ಲ. ಇದು ನ್ಯಾಯವಾದ ಆಕ್ಷೇಪ, ಇದಕ್ಕೆ ಕೌಶಲದ ಮಾತು ಉತ್ತರವಲ್ಲ.

ಹಾರ್ನೆಟ್ ನೈಟ್‌ಗಿಂತ ಚುರುಕಾದವಳಾದ್ದರಿಂದ ಸಾಮಾನ್ಯ ಶತ್ರುಗಳನ್ನೂ ಹೆಚ್ಚು ಜಾಣರನ್ನಾಗಿ ಮಾಡಬೇಕಾಯಿತೆಂದು ತಯಾರಕರು ವಿವರಿಸಿದ್ದಾರೆ. ಅದು ಒಪ್ಪತಕ್ಕ ಮಾತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಬಂದ ಪ್ಯಾಚ್ ಎಂಬ ತಿದ್ದುಪಡಿಯಲ್ಲಿ ಮೂರ್‌ವಿಂಗ್ ಮತ್ತು ಸಿಸ್ಟರ್ ಸ್ಪ್ಲಿಂಟರ್ ಎಂಬ ಆರಂಭದ ಇಬ್ಬರು ಬಾಸ್‌ಗಳ ಕಷ್ಟವನ್ನು ತುಸು ಇಳಿಸಿದರು, ಕೆಲವು ಬೆಲೆಗಳನ್ನು ತಗ್ಗಿಸಿದರು. ಇದನ್ನು ಸೋಲೆಂದು ಬಣ್ಣಿಸಿದ ಅಭಿಮಾನಿಗಳೂ ಇದ್ದರು. ನನಗೆ ಅದು ಕಿವಿಗೊಡುವ ತಂಡದ ಲಕ್ಷಣವಾಗಿ ಕಂಡಿತು.

ನನ್ನ ಸ್ವಂತ ಆಕ್ಷೇಪಗಳು ಪೆಟ್ಟಿನ ಬಗೆಗಲ್ಲ, ಸತ್ತ ಮೇಲೆ ನಡೆಯುವುದರ ಬಗೆಗೆ. ಹಾರ್ನೆಟ್ ತಲುಪಬೇಕಾದ ಸಿಟಡೆಲ್ ಎಂಬ ಕೋಟೆಯ ಬಾಗಿಲನ್ನು ಕಾಯುವ ಲಾಸ್ಟ್ ಜಡ್ಜ್ ಎಂಬ ಬಾಸ್ ಅತ್ಯುತ್ತಮ ಕಾದಾಟ. ಆದರೆ ಪ್ರತಿ ಸಾವಿನ ನಂತರ ಬ್ಲಾಸ್ಟೆಡ್ ಸ್ಟೆಪ್ಸ್‌ನ ಕಡಿದಾದ, ಶತ್ರುಗಳಿಂದ ತುಂಬಿದ ದಾರಿಯನ್ನು ಹತ್ತಿ ಮತ್ತೆ ಅವನೆದುರು ನಿಲ್ಲಬೇಕು. ಆ ದಾರಿ ಮೊದಲ ಸಲ ಪರೀಕ್ಷೆ, ಹತ್ತನೆಯ ಸಲ ಬರೀ ಸುಂಕ. ಬೈಲ್‌ವಾಟರ್ ಎಂಬ ಕೊಳಕು ನೀರಿನ ಪ್ರದೇಶದಲ್ಲಿ ಹುಳುಗಳು ಮೈಗೆ ಹತ್ತಿದರೆ, ಕೂಡಿಟ್ಟ ರೇಷ್ಮೆಯೆಲ್ಲ ಹುಳು ಕಳಚುವುದಕ್ಕೇ ಖರ್ಚಾಗಿ ಗಾಯ ಗಾಯವಾಗಿಯೇ ಉಳಿಯುತ್ತದೆ. ಇನ್ನು ಉಪಕರಣಗಳು: ಎಸೆಯುವ ಮೊಳೆ, ಬಲೆ, ಯಂತ್ರಗಳು ಒಂದಕ್ಕಿಂತ ಒಂದು ಚೆನ್ನಾಗಿವೆ, ಆದರೆ ದಣಿವಾರಿಸಿಕೊಳ್ಳುವ ಬೆಂಚಿನಲ್ಲಿ ಕುಳಿತಾಗ ಅವು ಮತ್ತೆ ತುಂಬಿಕೊಳ್ಳಲು ಚಿಪ್ಪಿನ ಚೂರುಗಳು ಬೇಕು, ಕಷ್ಟದ ಬಾಸ್‌ನ ಎದುರು ಸಿಕ್ಕಿಕೊಂಡಾಗ ಅವು ಬರಿದಾಗುತ್ತವೆ, ಸಹಾಯ ಅತಿ ಹೆಚ್ಚು ಬೇಕಾದಾಗಲೇ ಕೈ ಖಾಲಿ. ಹೊಸಬರಿಗೆ ಊರುಗೋಲಾಗಬೇಕಾಗಿದ್ದ ವ್ಯವಸ್ಥೆ ಹೀಗೆ ಪಳಗಿದವರ ಅಲಂಕಾರವಾಗಿಬಿಟ್ಟಿದೆ. ಒಂದು ವಿಷಯದಲ್ಲಿ ಮಾತ್ರ ಈ ಆಟ ಮೊದಲನೆಯದಕ್ಕಿಂತ ದಯಾಳು, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಸತ್ತ ಜಾಗದಲ್ಲಿ ನೈಟ್‌ನ ನೆರಳು ಅವನ ಮೇಲೆಯೇ ಎರಗಲು ಕಾದಿರುತ್ತಿತ್ತು. ಹಾರ್ನೆಟ್ ಬಿಟ್ಟುಹೋದ ರೇಷ್ಮೆಗೂಡು ತಿರುಗಿ ಬೀಳುವುದಿಲ್ಲ, ಒಡೆದರೆ ರೇಷ್ಮೆಯನ್ನೇ ತುಂಬಿಕೊಡುತ್ತದೆ, ಬಾಸ್ ಕಾದಾಟದ ನಡುವೆ ಅದನ್ನು ಒಡೆದು ಜೀವ ಉಳಿಸಿಕೊಳ್ಳುವುದು ಒಂದು ತಂತ್ರವೇ ಆಗುತ್ತದೆ.

ಲೋಕದ ವಿಷಯಕ್ಕೆ ಬಂದರೆ ನನ್ನ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಮೊದಲ ಆಟ ನಡೆಯುವ ಹಾಲೋನೆಸ್ಟ್ ಅಳಿದುಹೋದ ರಾಜ್ಯ. ಡರ್ಟ್‌ಮೌತ್ ಎಂಬ ಬರಿದಾದ ಊರಿನ ಬಾವಿಯಿಂದ ಕೆಳಗಿಳಿಯುತ್ತ ಹೋಗುವ ನೈಟ್‌ಗೆ ಏನು ಹುಡುಕುತ್ತಿದ್ದೇನೆಂಬುದನ್ನು ಯಾರೂ ಹೇಳುವುದಿಲ್ಲ. ಕಂದುಬೂದು ಬಣ್ಣದ ಸುರಂಗಗಳಲ್ಲಿ ತಡವರಿಸಿ ತಡವರಿಸಿ, ಹಾರ್ನೆಟ್‌ಳನ್ನು ಗೆದ್ದು, ಅಣಬೆಗಳ ಕಾಡು ದಾಟಿ, ಒಂದು ಬಾಗಿಲಿನಾಚೆ ತಲೆಯ ಮೇಲೆ ಎಂದೂ ನಿಲ್ಲದ ಮಳೆ ಸುರಿಯುವ ‘ಸಿಟಿ ಆಫ್ ಟಿಯರ್ಸ್’ ತೆರೆದುಕೊಂಡಾಗ ಆಗುವ ಅನುಭವ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ನೆಲ ಕುಸಿದು ಡೀಪ್‌ನೆಸ್ಟ್‌ನ ಕತ್ತಲಿಗೆ ಬಿದ್ದವರು, ಮ್ಯಾಪ್ ಇಲ್ಲದೆ, ಬೆಂಚ್ ಎಲ್ಲಿದೆಯೆಂದು ತಿಳಿಯದೆ, ಹೊರಬರುವ ದಾರಿ ಹುಡುಕಿದ್ದನ್ನು ಇಂದಿಗೂ ವಿವರವಾಗಿ ಹೇಳಬಲ್ಲರು. ಮ್ಯಾಪ್ ಮಾರುವ ಕಾರ್ನಿಫರ್ ಹತ್ತಿರದಲ್ಲಿದ್ದಾನೆಂದು ಅವನ ಗುನುಗಿನಿಂದ, ನೆಲದಲ್ಲಿ ಚೆಲ್ಲಿದ ಹಾಳೆಗಳಿಂದ ತಿಳಿಯುವುದು ಎಷ್ಟು ಸಣ್ಣ ವಿವರ, ಆದರೆ ದಾರಿ ತಪ್ಪಿದವನಿಗೆ ಅದು ಕೊಡುವ ಸಮಾಧಾನ ಎಷ್ಟು ದೊಡ್ಡದು!

‘ಸಿಲ್ಕ್‌ಸಾಂಗ್’ ನಡೆಯುವ ಫಾರ್ಲೂಮ್ ಬೇರೆ ಬಗೆಯ ರಾಜ್ಯ. ಅದು ಇನ್ನೂ ಬದುಕಿದೆ, ನರಳುತ್ತ ಬದುಕಿದೆ. ಎತ್ತರದಲ್ಲಿರುವ ಸಿಟಡೆಲ್ ಕಡೆಗೆ ಯಾತ್ರಿಕ ಹುಳುಗಳು ಸಾಲುಸಾಲಾಗಿ ಏರುತ್ತಿವೆ, ದಾರಿಯಲ್ಲೇ ಸಾಯುತ್ತಿವೆ, ಆದರೂ ನಂಬಿಕೆ ಬಿಟ್ಟಿಲ್ಲ. ಪಂಜರದಲ್ಲಿ ಬಂಧಿಯಾಗಿ ಇಲ್ಲಿಗೆ ತರಲ್ಪಟ್ಟ ಹಾರ್ನೆಟ್ ತಪ್ಪಿಸಿಕೊಂಡು, ತನ್ನನ್ನು ಯಾರು ಯಾಕೆ ಹಿಡಿದು ತರಿಸಿದರೆಂದು ತಿಳಿಯಲು ಅದೇ ದಾರಿಯಲ್ಲಿ ಮೇಲೇರುತ್ತಾಳೆ. ಹಣವಾಗಿ ಚಲಾವಣೆಯಾಗುವ ಜಪಮಣಿಗಳು ಭಕ್ತರ ಬಳಿ ಸಿಗುತ್ತವೆ, ಕಾಡುಜೀವಿಗಳ ಬಳಿ ಸಿಗುವುದಿಲ್ಲ. ದಣಿದ ಯಾತ್ರಿಕ ಕುಳಿತುಕೊಳ್ಳುವ ಬೆಂಚಿಗೂ ಕೆಲವೆಡೆ ಮಣಿ ತೆರಬೇಕು. ಭಕ್ತಿಯ ಹೆಸರಿನಲ್ಲಿ ಬಡವರನ್ನು ಹಿಂಡುವ ವ್ಯವಸ್ಥೆಯೊಂದನ್ನು ಮಾತಿನಲ್ಲಿ ಹೇಳದೆ ಆಟದ ನಿಯಮಗಳಲ್ಲೇ ಹೇಳಿರುವ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಥೆಯಾಗಿ ಇದು ಮೊದಲನೆಯದಕ್ಕಿಂತ ಸ್ಪಷ್ಟ, ಪಾತ್ರಗಳು ಹೆಚ್ಚು ಜೀವಂತ. ಹಾರ್ನೆಟ್ ಮಾತನಾಡುತ್ತಾಳೆ, ಮೆಚ್ಚುತ್ತಾಳೆ, ಗದರುತ್ತಾಳೆ. ಮ್ಯಾಪ್ ಮಾರುವ ಶಕ್ರಾ ತಾನೇ ಒಬ್ಬ ಯೋಧೆ, ಅವಳ ಹಾಡು ದೂರದಿಂದ ಕೇಳಿಸುತ್ತದೆ.

ಹಾಗಿದ್ದರೂ ಮೊದಲನೆಯದೇ ಮುಂದಿದೆ ಎಂದೇಕೆ ಹೇಳುತ್ತೇನೆ? ಗುರಿ ಗೊತ್ತಿರುವವನು ಕಳೆದುಹೋಗಲಾರ, ಅದಕ್ಕೆ. ಸಿಟಡೆಲ್ ಮೇಲಿದೆ, ಹಾರ್ನೆಟ್ ಅಲ್ಲಿಗೆ ಹೋಗಬೇಕು. ಎಷ್ಟೇ ಕವಲುಗಳಿದ್ದರೂ ಮನಸ್ಸಿನಲ್ಲಿ ಒಂದು ದಿಕ್ಸೂಚಿ ಇದ್ದೇ ಇರುತ್ತದೆ. ಊರಿನ ಹಲಗೆಯ ಮೇಲೆ ಜನರ ಕೋರಿಕೆಗಳ ಪಟ್ಟಿಯಿದೆ, ಮೂರನೆಯ ಅಂಕ ತೆರೆಯಬೇಕಾದರೆ ಅವುಗಳಲ್ಲಿ ಹಲವನ್ನು ಈಡೇರಿಸಬೇಕು, ಇಷ್ಟು ತಾ ಅಷ್ಟು ತಾ ಎನ್ನುವ ಕೋರಿಕೆಗಳೂ ಅದರಲ್ಲಿವೆ. ಮೊದಲ ಆಟದಲ್ಲಿ ನಾನು ಒಂದು ಮೂಲೆಗೆ ಹೋದದ್ದು ಅಲ್ಲಿ ಏನಿದೆಯೋ ನೋಡೋಣವೆಂದು. ಇಲ್ಲಿ ಎಷ್ಟೋ ಸಲ ಹೋದದ್ದು ಅಲ್ಲಿ ಏನೋ ಇದೆಯೆಂದು ಹಲಗೆ ಹೇಳಿದ್ದರಿಂದ. ಫಾರ್ಲೂಮ್ ಹಾಲೋನೆಸ್ಟ್‌ಗಿಂತ ವಿಶಾಲವಾದದ್ದು, ಚಿತ್ರಕಲೆಯಲ್ಲಿ ಹೆಚ್ಚು ಶ್ರೀಮಂತವಾದದ್ದು, ಎರಡಕ್ಕೂ ಸಂಗೀತ ಕೊಟ್ಟ ಕ್ರಿಸ್ಟೋಫರ್ ಲಾರ್ಕಿನ್ ಅವರ ಕೆಲಸ ಇಲ್ಲಿ ಇನ್ನಷ್ಟು ಮಾಗಿದೆ. ಆದರೆ ಅದು ನಮ್ಮನ್ನು ಒಂಟಿಯಾಗಿ ಬಿಡಲು ಮನಸ್ಸು ಮಾಡುವುದಿಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಅನುಮಾನವನ್ನು ಎದುರಿಸಬೇಕಾಗುತ್ತದೆ. ಹಾಲೋನೆಸ್ಟ್‌ನಲ್ಲಿ ಕಳೆದುಹೋದದ್ದು ಆ ಲೋಕದ ಗುಣವೇ, ಅಥವಾ ಅಂಥ ಆಟವನ್ನು ಮೊದಲ ಸಲ ಆಡಿದ ನಮ್ಮ ಅರಿಯದಿರುವಿಕೆಯ ಗುಣವೇ? ಎರಡನೆಯ ಆಟಕ್ಕೆ ಬರುವಾಗ ಬೆಂಚ್ ಎಂದರೇನು, ಮ್ಯಾಪ್ ಮಾರುವವರು ಎಲ್ಲಿರುತ್ತಾರೆ, ಒಡೆಯಬಹುದಾದ ಗೋಡೆ ಹೇಗೆ ಕಾಣುತ್ತದೆ ಎಂಬುದೆಲ್ಲ ನಮಗೆ ಗೊತ್ತಿತ್ತು. ಮುಂದುವರಿದ ಭಾಗವೊಂದು ಎಷ್ಟೇ ಚೆನ್ನಾಗಿದ್ದರೂ ಮೊದಲ ಭೇಟಿಯ ಆ ಭಾವವನ್ನು ಮರಳಿ ಕೊಡಲಾರದು. ‘ಸಿಲ್ಕ್‌ಸಾಂಗ್’ ಅನ್ನೇ ಮೊದಲು ಆಡಿ ಆಮೇಲೆ ‘ಹಾಲೋ ನೈಟ್’ಗೆ ಹೋದವರಿಗೆ ನೈಟ್ ನಿಧಾನದವನಾಗಿ, ಹಾಲೋನೆಸ್ಟ್ ಬಡವಾಗಿ ಕಾಣಬಹುದು, ಅವರ ತೀರ್ಪನ್ನು ತಪ್ಪೆನ್ನಲು ನನ್ನಲ್ಲಿ ಆಧಾರವಿಲ್ಲ. ಆದರೂ ಹಲಗೆಯ ಪಟ್ಟಿಯ ಬಗ್ಗೆ, ಕಣ್ಣಮುಂದಿರುವ ಗುರಿಯ ಬಗ್ಗೆ ನಾನು ಹೇಳಿದ್ದು ನೆನಪಿನ ಮಾತಲ್ಲ, ವಿನ್ಯಾಸದ ಮಾತು. ಯಾವುದನ್ನು ಮೊದಲು ಆಡಿದರೂ ಅದು ಹಾಗೆಯೇ ಇರುತ್ತದೆ.

ಈ ಕಷ್ಟ ಒಂದೇ ಆಟದ್ದಲ್ಲ. 2017ರ ‘ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ಬಂದ ಆರು ವರ್ಷಗಳ ಬಳಿಕ, 2023ರ ಮೇ 12ರಂದು ಬಂದ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಅದೇ ಹೈರೂಲ್ ನೆಲವನ್ನು ಉಳಿಸಿಕೊಂಡು, ಮೇಲೆ ತೇಲುವ ದ್ವೀಪಗಳನ್ನೂ ಕೆಳಗೆ ಕತ್ತಲ ಪಾತಾಳವನ್ನೂ ಸೇರಿಸಿತು. ಸಿಕ್ಕ ವಸ್ತುಗಳನ್ನು ಒಂದಕ್ಕೊಂದು ಅಂಟಿಸಿ ವಾಹನ, ಸೇತುವೆ, ಯಂತ್ರ ಏನನ್ನು ಬೇಕಾದರೂ ಕಟ್ಟಿಕೊಳ್ಳುವ ಶಕ್ತಿಯನ್ನು ಅದು ಆಟಗಾರನ ಕೈಗಿತ್ತಿತು. ಎಂಜಿನಿಯರಿಂಗ್ ಸಾಧನೆಯಾಗಿ ಅದಕ್ಕೆ ಸಾಟಿ ಕಡಿಮೆ. ಆದರೂ ಬೆಟ್ಟದ ತುದಿಯಲ್ಲಿ ನಿಂತು ಆಚೆ ಏನಿದೆಯೋ ಎಂದುಕೊಂಡ ಕುತೂಹಲ, ಒಮ್ಮೆ ನಡೆದ ನೆಲದಲ್ಲಿ ಮತ್ತೆ ಹುಟ್ಟುವುದು ಕಷ್ಟ. ಈ ವಿಷಯದಲ್ಲಿ ಟೀಮ್ ಚೆರ್ರಿ ಹೊಸ ರಾಜ್ಯವನ್ನೇ ಕಟ್ಟಿದ್ದು ಹೆಚ್ಚಿನ ಸಾಹಸವೆಂದು ನನಗನ್ನಿಸುತ್ತದೆ.

ಬಿಡುಗಡೆಯಾದ ವಾರದ ತೀರ್ಪುಗಳನ್ನು ಎಷ್ಟು ನಂಬಬೇಕೆಂಬುದಕ್ಕೆ ‘ಡಿಯಾಬ್ಲೊ 3’ ನೆನಪಿಡಬೇಕಾದ ಉದಾಹರಣೆ. 2000ನೇ ಇಸವಿಯ ಎರಡನೆಯ ಭಾಗದ ನಂತರ 12 ವರ್ಷ ಕಾಯಿಸಿ 2012ರ ಮೇ 15ರಂದು ಅದು ಬಂದಾಗ, ಸರ್ವರ್‌ಗಳ ದಟ್ಟಣೆಯಿಂದ ಒಳಗೇ ಹೋಗಲಾಗದ ಆಟಗಾರರ ಸಿಟ್ಟು, ಆಯುಧಗಳನ್ನು ಹರಾಜಿನಲ್ಲಿ ಕೊಳ್ಳುವ ವ್ಯವಸ್ಥೆಯ ಬಗೆಗಿನ ಅಸಮಾಧಾನ ಇವೆಲ್ಲ ಕೂಡಿ ಎರಡನೆಯ ಭಾಗವೇ ಶ್ರೇಷ್ಠವೆಂಬ ತೀರ್ಪು ಬಿದ್ದಿತ್ತು. 2014ರ ಮಾರ್ಚ್‌ನಲ್ಲಿ ಆ ಹರಾಜನ್ನು ಮುಚ್ಚಿದರು, ಅದೇ ತಿಂಗಳು ‘ರೀಪರ್ ಆಫ್ ಸೋಲ್ಸ್’ ಎಂಬ ವಿಸ್ತರಣೆ ಬಂತು. ಆಯುಧಗಳು ಕಾದಾಟದಲ್ಲೇ ಸಿಗತೊಡಗಿದ ಮೇಲೆ ಅದೇ ಆಟ ಬೇರೆಯೇ ಆಟವೆನಿಸಿತು.

‘ಹಾಲೋ ನೈಟ್’ ವಿಷಯದಲ್ಲೂ ಇಂಥದ್ದನ್ನು ನಾವು ಮರೆಯುತ್ತೇವೆ. ನಾವು ‘ಸಿಲ್ಕ್‌ಸಾಂಗ್’ ಪಕ್ಕದಲ್ಲಿ ನಿಲ್ಲಿಸುತ್ತಿರುವುದು 2017ರ ಫೆಬ್ರವರಿ 24ರಂದು ಬಿಡುಗಡೆಯಾದ ಆಟವನ್ನಲ್ಲ. ‘ಹಿಡನ್ ಡ್ರೀಮ್ಸ್’, ‘ದ ಗ್ರಿಮ್ ಟ್ರೂಪ್’, ‘ಲೈಫ್‌ಬ್ಲಡ್’, ‘ಗಾಡ್‌ಮಾಸ್ಟರ್’ ಎಂಬ ನಾಲ್ಕು ಉಚಿತ ಸೇರ್ಪಡೆಗಳಿಂದ 2018ರ ಆಗಸ್ಟ್ ವೇಳೆಗೆ ತುಂಬಿಕೊಂಡ ಆಟವನ್ನು ನಿಲ್ಲಿಸುತ್ತಿದ್ದೇವೆ. ಜನ ಮತ್ತೆ ಮತ್ತೆ ಹೆಸರಿಸುವ ನೈಟ್‌ಮೇರ್ ಕಿಂಗ್ ಗ್ರಿಮ್‌ನಂಥ ಬಾಸ್‌ಗಳು, ಆ 42 ಬಾಸ್‌ಗಳ ಪ್ಯಾಂಥಿಯನ್, ಯಾವುದೂ ಮೊದಲ ದಿನ ಇರಲಿಲ್ಲ. ಆರಂಭದ ಗಂಟೆಗಳು ನಿಧಾನ, ಮ್ಯಾಪ್ ಕೊಳ್ಳುವುದು ಕಿರಿಕಿರಿ, ದಿಕ್ಸೂಚಿಗೂ ಚಾರ್ಮ್ ಎಂಬ ಶಕ್ತಿ ಕೊಡುವ ತಾಯಿತಗಳ ಒಂದು ಜಾಗ ಕೊಡಬೇಕೆಂಬುದು ಅನ್ಯಾಯ ಎಂದು ಅದರ ಮೇಲೂ ದೂರುಗಳಿದ್ದವು. ಕಾಲ ಕಳೆದಂತೆ ಆ ದೂರುಗಳು ಸವೆದು, ಆಟ ಉಳಿಯಿತು. ‘ಸಿಲ್ಕ್‌ಸಾಂಗ್’ಗೆ ಆ ಕಾಲಾವಕಾಶವನ್ನು ಕೊಡದೆ ಅಳೆಯುವವರು ಬೇಯುತ್ತಿರುವುದನ್ನೂ ಬೆಂದದ್ದನ್ನೂ ಒಂದೇ ಬಟ್ಟಲಲ್ಲಿಟ್ಟು ರುಚಿ ನೋಡುತ್ತಿದ್ದಾರೆ.

ಮುಂದುವರಿದ ಭಾಗ ಯಾರಿಗಾಗಿ ಇರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಹಿಂದಿನ ಆಟವನ್ನು ಪ್ರೀತಿಸಿದವರಿಗಾಗಿ ಮಾಡುವುದು ತಪ್ಪಲ್ಲ. ಎಲ್ಲರನ್ನೂ ಮೆಚ್ಚಿಸಹೊರಟ ಎಷ್ಟೋ ಮುಂದುವರಿದ ಭಾಗಗಳು ಯಾರ ನೆನಪಿನಲ್ಲೂ ಉಳಿದಿಲ್ಲ. ಆದರೆ ಹಾಗೆ ಮಾಡುವಾಗ ಬಾಗಿಲಲ್ಲಿ ನಿಂತ ಹೊಸಬನಿಗೆ ಒಳಗೆ ಬರುವ ಒಂದು ದಾರಿಯನ್ನಾದರೂ ತೆರೆದಿಡಬೇಕು. ‘ಸಿಲ್ಕ್‌ಸಾಂಗ್’ ಆ ದಾರಿಯನ್ನು ಅರ್ಧ ಮಾತ್ರ ತೆರೆದಿದೆ. ಕಷ್ಟವೆನಿಸಿದರೆ ಬೇರೆಡೆಗೆ ತಿರುಗಿ, ಬಲಗೊಂಡು ಮರಳಿ ಬರಬಹುದೆಂಬ ಸ್ವಾತಂತ್ರ್ಯ ಅದರಲ್ಲಿದೆ. ಹಂಟರ್ಸ್ ಮಾರ್ಚ್‌ನಂಥ ಕಠಿಣ ಪ್ರದೇಶದ ಬಾಗಿಲು ಬೇಗನೆ ಸಿಕ್ಕರೂ ಆಗಲೇ ಅಲ್ಲಿಗೆ ಹೋಗಬೇಕೆಂದೇನೂ ಇಲ್ಲ. ಆದರೆ ಹಾಗೆ ತಿರುಗಿ ಹೋಗಬಹುದೆಂಬುದನ್ನು ಕಲಿಸಿದ್ದು ಹಾಲೋನೆಸ್ಟ್. ಅಲ್ಲಿ ಕಲಿಯದವನು ಇಲ್ಲಿ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಹಾಗಾಗಿ ಈ ಎರಡು ಆಟಗಳನ್ನು ಇನ್ನೂ ಆಡದವರು ಯಾರಾದರೂ ಕೇಳಿದರೆ, ಯಾವುದು ಶ್ರೇಷ್ಠವೆಂಬ ಚರ್ಚೆಯನ್ನು ಬದಿಗಿಟ್ಟು, ‘ಹಾಲೋ ನೈಟ್’ನಿಂದಲೇ ಆರಂಭಿಸಿರೆಂದು ಖಚಿತವಾಗಿ ಹೇಳುತ್ತೇನೆ.

ಹಳೆಯದೇ ಚೆಂದವೆನ್ನುವ ಗೆಳೆಯರಿಗೆ ಒಂದು ಮಾತು. ‘ಸಿಲ್ಕ್‌ಸಾಂಗ್’ನಲ್ಲಿ ಹುಡುಕಿದರೆ ವಾಂಡರರ್ ಕ್ರೆಸ್ಟ್ ಸಿಗುತ್ತದೆ. ಅದನ್ನು ಧರಿಸಿದರೆ ಹಾರ್ನೆಟ್‌ಳ ಕೆಳಗಿನ ಹೊಡೆತ ನೇರವಾಗುತ್ತದೆ, ಬೀಸು ಗಿಡ್ಡವೂ ವೇಗವೂ ಆಗುತ್ತದೆ, ನೈಟ್‌ನ ಕೈ ಮತ್ತೆ ನಮ್ಮದಾಗುತ್ತದೆ. ಹಿಂದಿನ ಆಟವನ್ನು ತಯಾರಕರು ಹೊರಗಿಡದೆ, ಹಲವು ಆಯ್ಕೆಗಳಲ್ಲಿ ಒಂದಾಗಿ ಹೊಸದರೊಳಗೇ ಇಟ್ಟಿದ್ದಾರೆ. ನಾನು ಅದನ್ನು ಬಹಳ ಸಂತೋಷದಿಂದ ತೊಟ್ಟು ಹಲವು ಪ್ರದೇಶಗಳನ್ನು ದಾಟಿದೆ. ಆಮೇಲೆ ರೀಪರ್ ಕ್ರೆಸ್ಟ್‌ನ ಅಗಲವಾದ ಬೀಸನ್ನೂ ನೋಡಿದೆ. ಕೊನೆಗೆ ಮೂರನೆಯ ಅಂಕಕ್ಕೆ ಹೋಗುವಾಗ ಆರಂಭದ ಹಂಟರ್ ಕ್ರೆಸ್ಟ್‌ಗೇ ಮರಳಿದೆ, ಏಕೆಂದರೆ ಅಷ್ಟರಲ್ಲಿ ಓರೆಯಾಗಿ ಎರಗುವುದು ನನ್ನ ಬೆರಳುಗಳಿಗೆ ಒಗ್ಗಿಹೋಗಿತ್ತು, ಮತ್ತು ಫಾರ್ಲೂಮ್‌ನ ಕೋಣೆಗಳನ್ನು ಆ ಓರೆ ಹೊಡೆತದ ಅಳತೆಗೇ ಕೊರೆದಿದ್ದಾರೆಂಬುದು ನೇರ ಹೊಡೆತವನ್ನು ಬಳಸಿ ನೋಡಿದ ಮೇಲೆಯೇ ನನಗೆ ಸ್ಪಷ್ಟವಾಯಿತು.